ಸಹಿ ಹಾಕುವ ಮುಂಚೆ

ತಂಗಿ, ನಿಮ್ಮ ಪತ್ರ ಓದಿದೆ. ದಾವಣಗೆರೆಯಿಂದ ಪೆನ್ಸಿಲ್ವೇನಿಯಾದ ಈ ಸ್ಟೇಟ್ ಕಾಲೇಜ್ ಊರಿಗೆ ಬಂದು ಮೂರು ವಾರ ಆಯಿತು ಅಂದಿದ್ದೀರಿ. ಲೈಸೆನ್ಸ್, ಚಳಿ ಬಟ್ಟೆ, ಅಕ್ಕಿ ಬೇಳೆ ಎಲ್ಲ ವಿಚಾರಿಸಿದ್ದೀರಿ. ಕೊನೆಯಲ್ಲಿ ಒಂದು ಸಾಲು: "ಅಕ್ಕ, ಮಗ ಒಂಬತ್ತನೇ ಕ್ಲಾಸು, ಸ್ಕೂಲಿನ ಫುಟ್‌ಬಾಲ್ ಟೀಮಿಗೆ ಸೇರ್ತೀನಿ ಅಂತಾನೆ. ಓದು ಹಾಳಾಗಲ್ವಾ? ಸಹಿ ಹಾಕಲಾ, ಬೇಡವಾ?" ಆ ಸಾಲು ಓದಿದ ಮೇಲೆ ರಾತ್ರಿ ನಿದ್ದೆ ಬರಲಿಲ್ಲ.

ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಲೈಸೆನ್ಸ್ ಮುಂದಕ್ಕೆ ಹಾಕಬೇಡಿ, ಇಲ್ಲಿ ಕಾರಿಲ್ಲದೆ ಕಷ್ಟ. ಕೋಟ್‌ಗಿಂತ ಮೊದಲು ಒಳ್ಳೆ ಬೂಟ್ಸ್ ತಗೊಳ್ಳಿ. ಅಕ್ಕಿ ಬೇಳೆಗೆ ಚಿಂತೆ ಇಲ್ಲ. ಇಲ್ಲಿನ ಪೆನ್ ಸ್ಟೇಟ್ ಯೂನಿವರ್ಸಿಟಿಯ ಫುಟ್‌ಬಾಲ್ ಮ್ಯಾಚ್ ಇರುವ ಶನಿವಾರ ಮಾತ್ರ ಸಾಮಾನು ತರಲು ಹೊರಡಬೇಡಿ.

ನಾವು ಬಂದದ್ದು 1997ರ ಸೆಪ್ಟೆಂಬರ್‌ನಲ್ಲಿ, ಅಂಥದ್ದೇ ಮ್ಯಾಚಿನ ಹಿಂದಿನ ದಿನ. ಊರಿನ ಒಂದು ಹೋಟೆಲಿನಲ್ಲೂ ರೂಮಿರಲಿಲ್ಲ. ರಸ್ತೆ ತುಂಬ ನೀಲಿ ಬಿಳಿ ಅಂಗಿಯ ಜನ, ಬಯಲಲ್ಲಿ ಗಾಡಿ ನಿಲ್ಲಿಸಿ ಅಡುಗೆ ಮಾಡುತ್ತಿದ್ದ ಕುಟುಂಬಗಳು. ನಾನು ಹಾಸನ ಜಿಲ್ಲೆಯವಳು. ಬೇಲೂರಿನ ತೇರಿಗೆ ಬಂದಂತೆ ಅನಿಸಿತ್ತು. ಮಾರನೆಯ ದಿನ ನಮ್ಮವರ ಸಹೋದ್ಯೋಗಿಯ ಮನೆಯ ಹಿತ್ತಲಲ್ಲಿ ನಿಂತಿದ್ದಾಗ ದೂರದಿಂದ ಒಂದು ಸದ್ದು ಬಂತು, ಗುಡುಗಿದ ಹಾಗೆ. ಯೂನಿವರ್ಸಿಟಿಯ ಬೀವರ್ ಸ್ಟೇಡಿಯಂನಲ್ಲಿ ಜನ ಕೂಗಿದ್ದು ಅದು ಅಂತ ಆಮೇಲೆ ಗೊತ್ತಾಯಿತು. ಈಗ ಅಲ್ಲಿ ಒಂದು ಲಕ್ಷಕ್ಕೂ ಜಾಸ್ತಿ ಜನ ಕೂರುತ್ತಾರೆ. ಇದು ನಮ್ಮ ಕಾಲ್ಚೆಂಡಲ್ಲ, ಅದನ್ನು ಇವರು ಸಾಕರ್ ಅನ್ನುತ್ತಾರೆ. ಇದರಲ್ಲಿ ಹೆಲ್ಮೆಟ್ ಹಾಕಿಕೊಂಡು ಮೈಮೇಲೆ ಬೀಳುತ್ತಾರೆ. ನನಗೆ ಅವತ್ತೇ ಭಯ ಆಗಿತ್ತು.

ನಮ್ಮ ಮಗ ಹುಟ್ಟಿದ್ದು ಇಲ್ಲೇ. 2013ರಲ್ಲಿ ಒಂಬತ್ತನೇ ಕ್ಲಾಸಿಗೆ ಬಂದಾಗ ಟೀಮಿಗೆ ಸೇರಿದ. ಒಂದು ವರ್ಷ ತಾನೇ ಅಂತ ಸುಮ್ಮನಿದ್ದೆವು. ವರ್ಷದ ಕೊನೆಗೆ ಜಿಯಾಮೆಟ್ರಿಯಲ್ಲಿ ಬಿ ಬಂತು. ಮುಂದಿನ ವರ್ಷದ ಫಾರಂ ತಂದು ಮೇಜಿನ ಮೇಲಿಟ್ಟಾಗ ನಾನು ಸಹಿ ಹಾಕಲಿಲ್ಲ.

ಅವನು ಅಳಲಿಲ್ಲ, ಕೂಗಾಡಲಿಲ್ಲ. "ಅಮ್ಮ, ಜಾನ್ ಉರ್ಶೆಲ್ ಇದ್ದಾನಲ್ಲ" ಅಂದ. ಆ ವರ್ಷ ಈ ಊರಿನ ಮಕ್ಕಳ ಬಾಯಲ್ಲೆಲ್ಲ ಅದೇ ಹೆಸರು. ಪೆನ್ ಸ್ಟೇಟ್ ಟೀಮಿನಲ್ಲಿ ಎದುರಾಳಿಗಳನ್ನು ತಡೆಯುವ ಗಾರ್ಡ್, ಆಳು ಬೆಟ್ಟದ ಹಾಗೆ. ಗಣಿತದಲ್ಲಿ 4.0, ಅಂದರೆ ಪೂರ್ತಿ ಅಂಕ. ಆಡುತ್ತಿರುವಾಗಲೇ ಗಣಿತದಲ್ಲಿ ಮಾಸ್ಟರ್ಸ್ ಮುಗಿಸಿ, ಅದೇ ಯೂನಿವರ್ಸಿಟಿಯ ಹುಡುಗರಿಗೆ ತ್ರಿಕೋನಮಿತಿ ಪಾಠ ಮಾಡಿದವನು. 2013ರ ಕ್ಯಾಂಬೆಲ್ ಟ್ರೋಫಿ ಅವನಿಗೆ ಬಂತು. ನೀವು ಹೊಸಬರು, ಅದಕ್ಕೆ ಹೇಳುತ್ತೇನೆ: ಅದು ಆಟ ಒಂದಕ್ಕೇ ಕೊಡುವ ಬಹುಮಾನ ಅಲ್ಲ. ದೇಶದ ಕಾಲೇಜು ಫುಟ್‌ಬಾಲ್ ಆಟಗಾರರಲ್ಲಿ ಓದು, ಆಟ, ಮುಂದಾಳತ್ವ ಮೂರರಲ್ಲೂ ಮೇಲಿರುವ ಒಬ್ಬರಿಗೆ 1990ರಿಂದ ವರ್ಷಕ್ಕೊಮ್ಮೆ ಕೊಡುತ್ತಾರೆ. ಓದಿನ ಸರಾಸರಿ ಅಂಕ, ಅಂದರೆ ಜಿಪಿಎ, 3.2 ಇಲ್ಲದಿದ್ದರೆ ಹೆಸರೇ ಕಳಿಸುವಂತಿಲ್ಲ. ಹೆಸರಾಂತ ಆಟಗಾರ ಪೇಟನ್ ಮ್ಯಾನಿಂಗ್‌ಗೆ ಅದು ಬಂದದ್ದು ನಾವು ಬಂದ ವರ್ಷವೇ.

ನಾನು ಮಗನಿಗೆ ಏನಂದೆ ಗೊತ್ತಾ? "ಅವನು ಲಕ್ಷಕ್ಕೊಬ್ಬ. ನೀನು ಅವನಲ್ಲ" ಅಂದೆ.

ಹದಿನೈದು ವರ್ಷದ ಹುಡುಗನಿಗೆ ತಾಯಿ ಆಡುವ ಮಾತಾ ಅದು? ಅವನು ಫಾರಂ ಮಡಚಿ ಬ್ಯಾಗಿಗೆ ಹಾಕಿಕೊಂಡ. ಆಮೇಲೆ ಯಾವತ್ತೂ ಅದರ ಸುದ್ದಿ ಎತ್ತಲಿಲ್ಲ. ಮಾರ್ಕ್ಸ್ ಅದರಿಂದ ಜಾಸ್ತಿಯೂ ಆಗಲಿಲ್ಲ. ಸಂಜೆ ರೂಮಿನ ಬಾಗಿಲು ಹಾಕಿಕೊಂಡು ಕೂರುವುದು ಮಾತ್ರ ಜಾಸ್ತಿಯಾಯಿತು.

ನಮ್ಮ ಕಡೆಯದ್ದು ನಿಮಗೆ ಹೇಳಬೇಕಾಗಿಲ್ಲ. ಆಟ ಅಂದರೆ ಓದು ಹತ್ತದವರ ಕೆಲಸ, ಸ್ಪೋರ್ಟ್ಸ್ ಕೋಟಾದಲ್ಲಿ ಸೀಟು ಬಂತು ಅಂದರೆ ಜನ ಒಂಥರಾ ನೋಡುತ್ತಾರೆ. ಕುಂಬ್ಳೆ ಆರ್.ವಿ. ಕಾಲೇಜಿನಲ್ಲಿ ಮೆಕ್ಯಾನಿಕಲ್ ಓದಿದವರು, ಶ್ರೀನಾಥ್ ಮೈಸೂರಿನ ಎಸ್.ಜೆ.ಸಿ.ಇ. ಎಂಜಿನಿಯರ್. ಅದನ್ನು ನಾವೇ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ನಮ್ಮ ಮನೆಯ ಮಗು ಬ್ಯಾಟು ಹಿಡಿದರೆ ಮಾತ್ರ ಪುಸ್ತಕ ತೋರಿಸುತ್ತೇವೆ. ಕನ್ನಡ ಕೂಟದ ಊಟದ ಸಾಲಿನಲ್ಲಿ ಯಾರ ಮಗ ಯಾವ ಒಲಿಂಪಿಯಾಡ್ ಅನ್ನುವ ಮಾತು ಬಂದಾಗ ನನ್ನ ಹತ್ತಿರ ಹೇಳಲು ಏನಾದರೂ ಇರಲಿ ಅಂತ ನನಗೆ ಆಸೆ ಇತ್ತು. ಅದನ್ನೇ ನಾನು ಓದಿನ ಚಿಂತೆ ಅಂದುಕೊಂಡಿದ್ದೆ.

2017ರ ಜುಲೈಯಲ್ಲಿ ಉರ್ಶೆಲ್ ಆಟ ಬಿಟ್ಟ ಸುದ್ದಿ ಬಂತು. ಆಗ ಅವನಿಗೆ 26, ವೃತ್ತಿಪರ ಆಟಗಾರರ ಲೀಗ್ ಎನ್‌ಎಫ್‌ಎಲ್‌ನ ಬಾಲ್ಟಿಮೋರ್ ರೇವನ್ಸ್ ಟೀಮಿನಲ್ಲಿ ಆಡುತ್ತಿದ್ದ. ಎರಡು ದಿನದ ಹಿಂದಷ್ಟೇ ಒಂದು ಸಂಶೋಧನೆ ಹೊರಬಂದಿತ್ತು: ತೀರಿಕೊಂಡ ಎನ್‌ಎಫ್‌ಎಲ್ ಆಟಗಾರರ 111 ಮಿದುಳುಗಳನ್ನು ನೋಡಿದರೆ 110ರಲ್ಲಿ ಸಿಟಿಇ, ಅಂದರೆ ತಲೆಗೆ ಮತ್ತೆ ಮತ್ತೆ ಪೆಟ್ಟು ಬಿದ್ದು ಬರುವ ಮಿದುಳಿನ ಕಾಯಿಲೆ. ಅವು ಕುಟುಂಬದವರು ದಾನ ಕೊಟ್ಟ ಮಿದುಳುಗಳು, ಎಷ್ಟೋ ಮನೆಗಳಲ್ಲಿ ಮೊದಲೇ ಅನುಮಾನ ಇದ್ದಿರಬೇಕು. ಆದರೂ ಎದೆ ನಡುಗುವ ಲೆಕ್ಕ. 2015ರಲ್ಲಿ ಉರ್ಶೆಲ್‌ಗೇ ತಲೆಗೆ ಪೆಟ್ಟು ಬಿದ್ದು, ಕೆಲಕಾಲ ದೊಡ್ಡ ಗಣಿತ ಕೈಗೆ ಹತ್ತಿರಲಿಲ್ಲ. ನಾನು ಓಡಿಹೋಗಿ ಮಗನಿಗೆ, "ನೋಡಿದ್ಯಾ, ನಾನು ಹೇಳಿರಲಿಲ್ವಾ" ಅಂದೆ.

ಅವನು ತಲೆ ಎತ್ತಲಿಲ್ಲ. "ಅವನು ತಾನೇ ಯೋಚನೆ ಮಾಡಿ ಬಿಟ್ಟಿದ್ದು ಅಮ್ಮ. ಯಾರೂ ಬಿಡಿಸಲಿಲ್ಲ" ಅಂದ.

ಉರ್ಶೆಲ್ ಎಂಐಟಿಯಲ್ಲಿ ಪಿಎಚ್‌ಡಿ ಮುಗಿಸಿ ಈಗ ಅಲ್ಲೇ ಪಾಠ ಮಾಡುತ್ತಾನೆ. ಆಮೇಲೆ ನಾನೇ ಹುಡುಕಿ ಓದಿದೆ, ಇಂಥವರು ಒಬ್ಬಿಬ್ಬರಲ್ಲ. ಫ್ಲಾರಿಡಾ ಸ್ಟೇಟ್ ಯೂನಿವರ್ಸಿಟಿಯ ಆಟಗಾರ ಮೈರಾನ್ ರೋಲ್ 2008ರಲ್ಲಿ, ಆಕ್ಸ್‌ಫರ್ಡ್‌ನಲ್ಲಿ ಓದಲು ಕೊಡುವ ರೋಡ್ಸ್ ಸ್ಕಾಲರ್‌ಶಿಪ್ಪಿನ ಸಂದರ್ಶನ ಮುಗಿಸಿ, ವಿಮಾನ ಹತ್ತಿ, ಅದೇ ರಾತ್ರಿ ಮೇರಿಲ್ಯಾಂಡ್‌ನಲ್ಲಿ ನಡೆಯುತ್ತಿದ್ದ ಮ್ಯಾಚಿಗೆ ಬಂದು ಆಡಿದ. ಮುಂದೆ ಮಿದುಳಿನ ಸರ್ಜನ್ ಆದ. ನೋಟರ್ ಡೇಮ್ ಯೂನಿವರ್ಸಿಟಿಯಲ್ಲಿ ಆಡಿದ ಅಲನ್ ಪೇಜ್ ಮಿನೆಸೋಟ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದರು. ಓದಿದಷ್ಟೂ ಆ ಮಡಚಿದ ಫಾರಂ ನೆನಪಾಗುತ್ತಿತ್ತು.

ನನ್ನ ಭಯ ಸುಳ್ಳಲ್ಲ ತಂಗಿ. ಪೆಟ್ಟು ನಿಜ, ನೀವೂ ಹೆದರಬೇಕು. ಆದರೆ ಆ ಭಯವನ್ನು ಭಯ ಅಂತಲೇ ಮಗನ ಹತ್ತಿರ ಹೇಳಿ, ಮಾರ್ಕ್ಸ್ ಹೆಸರಲ್ಲಿ ಹೇಳಬೇಡಿ. ಫಾರಂ ಅನ್ನು ಅವನ ಜೊತೆ ಕೂತು ಓದಿ. ಅದರಲ್ಲಿ ಡಾಕ್ಟರ್ ಪರೀಕ್ಷೆಯ ಪುಟ ಇದೆ, ಕನ್ಕಷನ್, ಅಂದರೆ ತಲೆಗೆ ಬಿದ್ದ ಪೆಟ್ಟಿನಿಂದ ಮಿದುಳಿಗೆ ಆಗುವ ತೊಂದರೆ, ಅದರ ಬಗ್ಗೆಯೇ ಒಂದು ಪುಟ ಇದೆ. ಪೆಟ್ಟಿನ ಅನುಮಾನ ಬಂದರೆ ಕೋಚ್ ಆಟದಿಂದ ಹೊರಗೆ ಕೂರಿಸಲೇಬೇಕು, ಡಾಕ್ಟರ್ ಬರೆದು ಕೊಡದೆ ಮತ್ತೆ ಇಳಿಸುವಂತಿಲ್ಲ, ಈ ರಾಜ್ಯದಲ್ಲಿ ಅದು ಕಾನೂನು. ತಲೆ ನೋವನ್ನು ಮುಚ್ಚಿಡಬಾರದು ಅಂತ ಅವನಿಂದ ಮಾತು ತಗೊಳ್ಳಿ. ಓದಿಗೂ ಲಗಾಮು ಇದೆ, ಕನಿಷ್ಠ ನಾಲ್ಕು ಪೂರ್ತಿ ಕ್ರೆಡಿಟ್ ವಿಷಯಗಳಲ್ಲಿ ಪಾಸಾಗುತ್ತಿರಬೇಕು, ಅದನ್ನು ವಾರವಾರ ನೋಡುತ್ತಾರೆ. ಕಾಲೇಜ್ ಸ್ಕಾಲರ್‌ಶಿಪ್ ಸಿಗುತ್ತದೆ ಅನ್ನುವ ಆಸೆಗೆ ಸೇರಿಸಬೇಡಿ. ಹೈಸ್ಕೂಲಲ್ಲಿ ಆಡುವ ನೂರು ಮಕ್ಕಳಲ್ಲಿ ಕಾಲೇಜಿನಲ್ಲಿ ಆಡುವವರು ಸುಮಾರು ಏಳು ಜನ. ಎಲ್ಲ ಓದಿದ ಮೇಲೂ ನಿಮಗೆ ಬೇಡ ಅನಿಸಿದರೆ ಬೇಡ ಅನ್ನಿ. "ನೀನು ಅವನಲ್ಲ" ಅಂತ ಮಾತ್ರ ಅನ್ನಬೇಡಿ.

ನನ್ನ ಮಗ ಈಗ ಪಿಟ್ಸ್‌ಬರ್ಗ್‌ನಲ್ಲಿ ಕೆಲಸದಲ್ಲಿದ್ದಾನೆ. ಭಾನುವಾರ ತಪ್ಪದೆ ಫೋನ್ ಮಾಡುತ್ತಾನೆ. ಸಾರಿನ ಪುಡಿ ಕಳಿಸು ಅನ್ನುತ್ತಾನೆ. ಫುಟ್‌ಬಾಲ್ ಮಾತು ನಮ್ಮಿಬ್ಬರ ನಡುವೆ ಬರುವುದಿಲ್ಲ. ಅವನು ಆಡಿದ ಆ ಒಂದು ವರ್ಷದಲ್ಲಿ ನಾನು ಒಂದು ಮ್ಯಾಚಿಗೂ ಹೋಗಿರಲಿಲ್ಲ.

ನಿಮ್ಮ ಹುಡುಗ ಸೇರಿದರೆ ತಿಳಿಸಿ, ನಾನೂ ನಿಮ್ಮ ಜೊತೆ ಬರುತ್ತೇನೆ. ಬೆಂಚು ಅಲ್ಯೂಮಿನಿಯಂದು, ಕತ್ತಲಾದ ಮೇಲೆ ತಣ್ಣಗೆ ಕೊರೆಯುತ್ತದಂತೆ. ನೀವು ಕಂಬಳಿ ತನ್ನಿ, ಕಾಫಿ ಚಕ್ಕುಲಿ ನಾನು ತರುತ್ತೇನೆ.