ಕಲ್ಲು ಸಿಕ್ಕಿದ ಮಾತ್ರಕ್ಕೆ ನೋವು ಕಲ್ಲಿನದಲ್ಲ

ಪ್ರಶ್ನೆ: ನನಗೆ 38 ವರ್ಷ. ಎಂಟು ವರ್ಷದಿಂದ ಹೊಟ್ಟೆ ನುಲಿಯುತ್ತದೆ, ಉಬ್ಬರಿಸುತ್ತದೆ. ಮೋಷನ್ ಆದರೆ ಆರಾಮ. ಐಬಿಎಸ್ (ಕರುಳಿನಲ್ಲಿ ಗಾಯ, ಗಡ್ಡೆ ಏನೂ ಕಾಣದಿದ್ದರೂ ಹೊಟ್ಟೆನೋವು, ಮಲದ ಏರುಪೇರು ಬರುವ ತೊಂದರೆ) ಎಂದಿದ್ದಾರೆ. ಅಪೆಂಡಿಕ್ಸ್ ತೆಗೆಸಿದೆ, ನೋವು ಹೋಗಲಿಲ್ಲ. ಈಗ ಸ್ಕ್ಯಾನಿಂಗ್‌ನಲ್ಲಿ ಪಿತ್ತಕೋಶದಲ್ಲಿ 8 ಮಿ.ಮೀ. ಕಲ್ಲು ಇದೆಯಂತೆ. ಆಪರೇಷನ್ ಮಾಡಿಸಲೇ? (ರಾಜಾಜಿನಗರ)

ಉತ್ತರ: ಈ ನೋವಿಗಾಗಿ ಆದರೆ ಬೇಡ ತಾಯಿ. ಪ್ರತಿ ವಾರ ಇಂಥದೇ ಪತ್ರ, ಜೊತೆಗೊಂದು ಸ್ಕ್ಯಾನಿಂಗ್ ರಿಪೋರ್ಟ್. ನೋವು ಯಾವಾಗ ಬರುತ್ತದೆ, ಹೇಗೆ ಹೋಗುತ್ತದೆ ಎಂದು ಯಾರೂ ಕೇಳಿರುವುದಿಲ್ಲ! ಪಿತ್ತಕೋಶದ ನೋವು ಹೊಟ್ಟೆಯ ಮೇಲ್ಭಾಗದಲ್ಲಿ, ಬಲಗಡೆ ಇಲ್ಲವೇ ನಡುವೆ, ಹಿಡಿದರೆ ಅರ್ಧ ಗಂಟೆಯಿಂದ ಕೆಲವು ಗಂಟೆ ಬಿಡುವುದಿಲ್ಲ. ಕೆಲವರಿಗೆ ಬಲ ಬೆನ್ನಿಗೂ ಹೊಡೆಯುತ್ತದೆ. ಮೋಷನ್ ಆದರೂ, ಗ್ಯಾಸ್ ಹೋದರೂ ಇಳಿಯದು. ನಿಮ್ಮದು ಇಳಿಯುತ್ತದೆ, ಅದು ಕರುಳಿನ ನೋವು. ತೊಂದರೆ ಕೊಡದೆ ಸುಮ್ಮನಿರುವ ಕಲ್ಲು ಬಹಳ ಜನರಲ್ಲಿರುತ್ತದೆ, ಅದನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ.

ಕ್ಯಾಲಿಫೋರ್ನಿಯಾದಲ್ಲಿ ಸುಮಾರು 89 ಸಾವಿರ ಜನರ ಮಾಹಿತಿ ಪರಿಶೀಲಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪಿತ್ತಕೋಶ ತೆಗೆಸಿಕೊಂಡವರು ಐಬಿಎಸ್ ಇದ್ದವರಲ್ಲಿ ನೂರಕ್ಕೆ 12, ಇಲ್ಲದವರಲ್ಲಿ 4. ಅಪೆಂಡಿಕ್ಸ್, ಗರ್ಭಕೋಶದ ಆಪರೇಷನ್‌ಗಳೂ ಹೆಚ್ಚುಕಡಿಮೆ ಇಮ್ಮಡಿ. ಇವರ ಕರುಳಿನ ನೋವನ್ನು ಬೇರೆ ಅಂಗದ ತಲೆಗೆ ಕಟ್ಟಿದ್ದೂ ಇದಕ್ಕೊಂದು ಕಾರಣ ಎಂದೇ ನನ್ನ ಅಭಿಪ್ರಾಯ. ಪಿತ್ತಕೋಶ ತೆಗೆದ ಮೇಲೆ ಕೆಲವರಿಗೆ ಪಿತ್ತರಸ ಕರುಳಿಗೆ ಹರಿದು ಭೇದಿ ಹಿಡಿಯುತ್ತದೆ. ಒಮ್ಮೆ ಕೊಯ್ದ ಹೊಟ್ಟೆಯಲ್ಲಿ ಕರುಳು ಅಂಟಿಕೊಂಡು ಹೊಸ ನೋವೂ ಬರಬಹುದು. ಅದಕ್ಕೇ ನಾನು ಆಪರೇಷನ್‌ಗೆ ಒಪ್ಪುವುದು ನಿಧಾನ.

ಸರ್ಜನ್‌ಗೆ ಐಬಿಎಸ್ ವಿಷಯ ಮೊದಲೇ ಹೇಳಿ, “ಈ ಕಲ್ಲು ತೆಗೆದರೆ ನನ್ನ ಈ ನೋವು ಹೋಗುತ್ತದೆ ಎಂದು ಯಾವ ಆಧಾರದ ಮೇಲೆ ಹೇಳುತ್ತೀರಿ?” ಎಂದು ನೇರವಾಗಿ ಕೇಳಿ. ಉತ್ತರ ತಡವರಿಸಿದರೆ ಇನ್ನೊಬ್ಬರನ್ನು ಕಾಣಿ. ಆದರೆ ಜ್ವರ, ಕಾಮಾಲೆ, ಬಿಡದ ಮೇಲ್ಹೊಟ್ಟೆ ನೋವು ಬಂದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಮಲದಲ್ಲಿ ರಕ್ತ, ತೂಕ ಇಳಿಕೆ, ರಕ್ತಹೀನತೆ ಕಂಡರೆ ಐಬಿಎಸ್ ಎಂದು ಸುಮ್ಮನಾಗಬೇಡಿ, ಪರೀಕ್ಷೆ ಮಾಡಿಸಿ.

ಪ್ರಶ್ನೆ: ಆಲಿವ್ ಎಣ್ಣೆ, ನಿಂಬೆರಸ ಕುಡಿದರೆ ಹಸಿರು ಕಲ್ಲು ಬೀಳುತ್ತವಂತೆ? (ವಿಜಯನಗರ)

ಉತ್ತರ: ಅದು ಕಲ್ಲಲ್ಲ, ಕುಡಿದ ಎಣ್ಣೆಯೇ ಹೊಟ್ಟೆಯೊಳಗೆ ಸೋಪಿನಂತೆ ಗಟ್ಟಿಯಾದ ಉಂಡೆ. ಇದನ್ನು ಹೇಳಿ ದುಡ್ಡು ಕೀಳುವವರು ಮೋಸಗಾರರು.

ಪ್ರಶ್ನೆ: ಗರ್ಭಕೋಶ ತೆಗೆಸಿದರೆ ಐಬಿಎಸ್ ವಾಸಿಯಾಗುತ್ತದೆಯೇ? (ಯಲಹಂಕ)

ಉತ್ತರ: ಇಲ್ಲ.