ಲಕ್ವ ಆದ್ಮೇಲೆ ಕೈಕಾಲು ಸರಿಹೋಯ್ತು, ಲೆಕ್ಕ ಯಾಕೆ ತಪ್ತಿದೆ?

ಪ್ರಶ್ನೆ: ಡಾಕ್ಟ್ರೇ, ನಮ್ಮ ಅಪ್ಪಾಜಿಗೆ 62 ವರ್ಷ, ಏಳನೇ ಕ್ಲಾಸ್ ಓದಿದ್ದಾರೆ, ಊರಲ್ಲಿ ಕಿರಾಣಿ ಅಂಗಡಿ ಇದೆ. ನಾಲ್ಕು ತಿಂಗಳ ಹಿಂದೆ ಲಕ್ವ ಹೊಡೆದು ಎಡಗಡೆ ಕೈಕಾಲು ಬಿದ್ದೋಗಿತ್ತು, ಫಿಜಿಯೋಥೆರಪಿ ಮಾಡ್ಸಿ ಈಗ ನಡೀತಾರೆ, ಮಾತೂ ಸ್ಪಷ್ಟ. ಆದ್ರೆ ಚಿಲ್ಲರೆ ಕೊಡೋಕೆ ತಡವರಿಸ್ತಾರೆ, ಉದ್ರಿ ಬರೆಯೋದು ಬಿಟ್ಟೋಗುತ್ತೆ, ತಟ್ಟೆಲಿ ಎಡಗಡೆ ಹಾಕಿದ ಪಲ್ಯ ಮುಟ್ಟೋದೇ ಇಲ್ಲ. ಹಳೇದೆಲ್ಲ ನೆನಪಿದೆ, ಅದಕ್ಕೆ ಮನೇಲಿ ಸೋಮಾರಿತನ ಅಂತಾರೆ. ಇದಕ್ಕೆ ಟೆಸ್ಟ್ ಏನಾದ್ರೂ ಇದೆಯಾ?
- ಓದುಗರು, ದಾವಣಗೆರೆ

ಉತ್ತರ: ಇದು ಸೋಮಾರಿತನ ಅಲ್ಲಮ್ಮ, ಮೊದ್ಲು ಮನೆಯವ್ರಿಗೆ ಅದನ್ನ ಹೇಳಿ. ಲಕ್ವ ಆದೋರಲ್ಲಿ ಎಷ್ಟೋ ಸಲ ನೆನಪಿಗಿಂತ ಗಮನ, ಯೋಚನೆಯ ವೇಗ, ಒಂದರ ಹಿಂದೆ ಒಂದು ಕೆಲಸ ಜೋಡಿಸ್ಕೊಳೋದು ಇವಕ್ಕೇ ಜಾಸ್ತಿ ಪೆಟ್ಟು ಬೀಳುತ್ತೆ. ಅಂಗಡಿಲಿ ಒಬ್ರು ಸಕ್ಕರೆ ಕೇಳ್ತಿರ್ತಾರೆ, ಇನ್ನೊಬ್ರು ಐನೂರರ ನೋಟು ಚಾಚಿರ್ತಾರೆ, ಮಧ್ಯೆ ಉದ್ರಿ ಬೇರೆ ಬರೀಬೇಕು, ಮನೇಲಿ ಕೂತು ಮಾತಾಡೋವಾಗ ಕಾಣದ ತೊಂದರೆ ಅಲ್ಲಿ ಎದ್ದು ಕಾಣೋದು ಅದಕ್ಕೇ.

ಪಲ್ಯದ ವಿಷ್ಯ ಬರೆದಿದ್ದು ಬಹಳ ಒಳ್ಳೇದಾಯ್ತು. ಎಡಗಡೆ ಕೈಕಾಲು ಬೀಳೋದು ಸಾಮಾನ್ಯವಾಗಿ ಮೆದುಳಿನ ಬಲಭಾಗಕ್ಕೆ ಏಟಾದಾಗ, ಆಗ ಕಣ್ಣು ಸರಿ ಇದ್ರೂ ಎಡಗಡೆ ಇರೋದು ಗಮನಕ್ಕೇ ಬರ್ದೆ ಹೋಗ್ಬಹುದು, ಎಡಗಡೆ ದೃಷ್ಟಿನೇ ಹೋಗಿರೋದೂ ಉಂಟು, ಎರಡನ್ನೂ ನೋಡಿಸ್ಬೇಕು. ಅಲ್ಲೀವರೆಗೂ ಒಬ್ರೇ ರಸ್ತೆ ದಾಟೋದು, ಬೈಕ್ ಓಡಿಸೋದು ಬೇಡವೇ ಬೇಡ.

ಟೆಸ್ಟ್ ಇದೆ. ಗಮನ, ನೆನಪು, ಯೋಚನೆ ಹೇಗಿದೆ ಅಂತ ನೋಡೋ 'ಮೋಕಾ' ಅಂತ ಒಂದು, ಒಟ್ಟು 30 ಅಂಕ, ಹತ್ತು ಹದಿನೈದು ನಿಮಿಷ ಸಾಕು. ಗಡಿಯಾರ ಬರೆಸ್ತಾರೆ, ಐದು ಪದ ಹೇಳಿ ಸ್ವಲ್ಪ ಹೊತ್ತು ಬಿಟ್ಟು ಕೇಳ್ತಾರೆ, ನೂರರಿಂದ ಏಳೇಳು ಕಳೀತಾ ಹೋಗಿ ಅಂತಾರೆ. ಕನ್ನಡದಲ್ಲೂ ಇದೆ, ಕನ್ನಡದ್ದೇ ಕೇಳಿ. ಸಾಮಾನ್ಯವಾಗಿ 26ಕ್ಕಿಂತ ಕಮ್ಮಿ ಬಂದ್ರೆ ಮುಂದೆ ನೋಡ್ಬೇಕು ಅಂತಾರೆ, ಆದ್ರೆ ಕಮ್ಮಿ ಓದಿದೋರಿಗೆ ಅದೇ ಗೆರೆ ಎಳೆದ್ರೆ ಅನ್ಯಾಯ ಆಗುತ್ತೆ, ಏಳನೇ ಕ್ಲಾಸ್ ಅನ್ನೋದನ್ನ ಮರೀದೆ ಹೇಳಿ. ಕನ್ನಡಕ ಹಾಕ್ಸಿಯೇ ಕೂರ್ಸಿ. ಅಂಕ ಕಮ್ಮಿ ಬಂದ ಮಾತ್ರಕ್ಕೆ ಮರೆವಿನ ಕಾಯಿಲೆ ಅಂತ ಗಾಬರಿ ಬೇಡ, ಚೆನ್ನಾಗಿ ಬಂದು ಅಂಗಡಿಲಿ ತಪ್ಪುತ್ತಲೇ ಇದ್ರೆ ಅಲ್ಲಿಗೇ ಬಿಡಲೂಬೇಡಿ, ವಿವರವಾದ ಪರೀಕ್ಷೆ ಕೇಳಿ. ಬೆಂಗಳೂರಿನ ನಿಮ್ಹಾನ್ಸಲ್ಲಿ ಅದನ್ನ ಮಾಡ್ತಾರೆ, ಹತ್ತಿರದಲ್ಲಿ ಬೇಕು ಅಂದ್ರೆ ಜಿಲ್ಲಾ ಆಸ್ಪತ್ರೇಲಿ ಬ್ರೈನ್ ಹೆಲ್ತ್ ಕ್ಲಿನಿಕ್ ವಿಚಾರಿಸಿ.

ಇನ್ನೊಂದು, ಅವರ ಮನಸ್ಸು ಹೇಗಿದೆ? ಲಕ್ವ ಆದ ಮೂವರಲ್ಲಿ ಸುಮಾರು ಒಬ್ರಿಗೆ ಖಿನ್ನತೆ ಬರುತ್ತೆ, ಅದರಿಂದಲೂ ಮಂಕಾಗ್ತಾರೆ, ಅದಕ್ಕೆ ಚಿಕಿತ್ಸೆ ಇದೆ. ಬಿ12, ಥೈರಾಯ್ಡ್ ರಕ್ತಪರೀಕ್ಷೆ ಬಗ್ಗೆಯೂ ಡಾಕ್ಟ್ರನ್ನ ಕೇಳಿ. ಬಿಪಿ, ಶುಗರ್ ಮಾತ್ರೆ, ರಕ್ತ ಹೆಪ್ಪುಗಟ್ಟದ ಹಾಗೆ ಕೊಟ್ಟಿರೋ ಮಾತ್ರೆ ಒಂದು ದಿನಾನೂ ತಪ್ಪಿಸ್ಬೇಡಿ, ಇನ್ನೊಂದ್ಸಲ ಲಕ್ವ ಹೊಡೆದ್ರೆ ಈಗಿರೋದೂ ಉಳಿಯೋದು ಕಷ್ಟ.

ಅಂಗಡಿ ಬಿಡಿಸ್ಬೇಡಿ ದಯವಿಟ್ಟು. ಜನ ಕಮ್ಮಿ ಇರೋ ಹೊತ್ತಲ್ಲಿ ಕೂರಿಸಿ, ಗಲ್ಲಾ ಹತ್ರ ಒಬ್ರು ಜೊತೆಗಿರಿ, ಉದ್ರಿ ಪುಸ್ತಕದ ಎಡ ಅಂಚಿಗೆ ಕೆಂಪು ಟೇಪ್ ಅಂಟ್ಸಿ, ಅದು ಕಾಣೋವರೆಗೂ ತಲೆ ತಿರುಗ್ಸಿ ನೋಡೋ ಅಭ್ಯಾಸ ಮಾಡ್ಸಿ.