ಓದುಗರ ಪ್ರಶ್ನೆ, ನಮ್ಮ ಉತ್ತರ: ಸರೋವರದ ಬಂದರಿಗೂ ದೀಪಸ್ತಂಭ

ಪ್ರಶ್ನೆ: ದೀಪಸ್ತಂಭ ಸಮುದ್ರದ ದಂಡೆಗೆ ಮಾತ್ರ ಅಂತ ತಿಳಿದಿದ್ದೆ. ಅಮೆರಿಕದ ಈರಿ ಸರೋವರದಲ್ಲೂ ಇವೆಯಂತೆ. ನಮ್ಮ ಕಾರಂಜಾ ಜಲಾಶಯಕ್ಕೆ ಬೇಡವಾದದ್ದು ಅಲ್ಲಿಗೇಕೆ ಬೇಕಾಯಿತು?
– ಓದುಗರೊಬ್ಬರು, ಭಾಲ್ಕಿ

ಉತ್ತರ: ಈರಿಯ ವಿಸ್ತಾರ ಸುಮಾರು 25,700 ಚದರ ಕಿ.ಮೀ. ಬೀದರ, ಕಲಬುರಗಿ, ಯಾದಗಿರಿ ಮೂರೂ ಜಿಲ್ಲೆ ಕೂಡಿಸಿದರೂ ಅಷ್ಟಾಗುವುದಿಲ್ಲ. ಆದರೆ ಸರಾಸರಿ ಆಳ ಬರೀ 19 ಮೀಟರ್. ಇಷ್ಟು ಕಡಿಮೆ ಆಳದಲ್ಲಿ ಗಾಳಿ ಎದ್ದರೆ ಅಲೆಗಳು ಕಡಿದಾಗಿ, ಒಂದರ ಬೆನ್ನಿಗೊಂದು ಬಡಿಯುತ್ತವೆ. ಪಶ್ಚಿಮದ ಬಿರುಗಾಳಿ ನೀರನ್ನು ಪೂರ್ವ ತುದಿಯ ಬಫಲೋ ನಗರದ ಕಡೆ ತಳ್ಳಿದಾಗ ಎರಡು ತುದಿಗಳ ನೀರಿನ ಮಟ್ಟದಲ್ಲಿ 2 ಮೀಟರಿಗೂ ಮಿಕ್ಕಿ ವ್ಯತ್ಯಾಸ ಬೀಳುವುದುಂಟು. 1825ರಲ್ಲಿ ಸರೋವರವನ್ನು ಹಡ್ಸನ್ ನದಿಗೆ ಜೋಡಿಸುವ ಈರಿ ಕಾಲುವೆ ತೆರೆದ ಮೇಲೆ ಬಫಲೋ ಧಾನ್ಯ ಸಾಗಣೆಯ ದೊಡ್ಡ ಬಂದರಾಯಿತು. 1833ರ ಕಲ್ಲಿನ ದೀಪಸ್ತಂಭ ಈಗಲೂ ಅಲ್ಲಿದೆ. ಹಡಗುಗಳು ಹೆಚ್ಚಿದಾಗ ದಂಡೆಯಿಂದ ದೂರ, ನೀರಿನ ನಡುವೆ ಅಲೆತಡೆ ಗೋಡೆ ಎದ್ದಿತು. ಕತ್ತಲಲ್ಲಿ ಆ ಗೋಡೆಯೇ ಹಡಗಿಗೆ ಕಂಟಕ. ಅದಕ್ಕೇ 1872ರಲ್ಲಿ ಗೋಡೆಯ ಮೇಲೆಯೇ ದೀಪ ಬಂತು.

ಪ್ರಶ್ನೆ: ಹಳೆಯ ಅಲೆತಡೆಗಳ ಬುನಾದಿ ಮರದ್ದು ಎಂದು ಓದಿದೆ. ನೀರಿನಲ್ಲಿ ಮರ ಕೊಳೆಯುವುದಿಲ್ಲವೇ?
– ಗುತ್ತಿಗೆದಾರರು, ಶಹಾಪುರ

ಉತ್ತರ: ಪೂರ್ತಿ ಮುಳುಗಿದ ಮರಕ್ಕೆ ಗಾಳಿ ತಾಗದು, ಹಾಗಾಗಿ ಕೊಳೆಯುವುದು ಬಹಳ ನಿಧಾನ. ಸಮುದ್ರದಲ್ಲಿ ಮರ ಕೊರೆದು ತಿನ್ನುವ ಹಡಗುಹುಳ ಸಿಹಿನೀರಿನಲ್ಲಿ ಬದುಕುವುದಿಲ್ಲ. ಇದೊಂದು ಲಾಭದಿಂದಲೇ ಸರೋವರಗಳಲ್ಲಿ ಮರದ ಕ್ರಿಬ್, ಅಂದರೆ ಕಲ್ಲು ತುಂಬುವ ಪೆಟ್ಟಿಗೆ, ಅಷ್ಟು ಕಾಲ ನಡೆಯಿತು. ಸುಮಾರು 30 ಸೆಂ.ಮೀ. ಚೌಕದ ತೊಲೆಗಳನ್ನು ಅಡ್ಡ ಉದ್ದ ಪೇರಿಸಿ, ಕಬ್ಬಿಣದ ಬೋಲ್ಟ್ ಬಡಿದು, ಒಳಗೆ ಅಂಕಣಗಳಿರುವ ದೊಡ್ಡ ಪೆಟ್ಟಿಗೆ ಮಾಡುತ್ತಿದ್ದರು. ಅದನ್ನು ತೇಲಿಸಿಕೊಂಡು ಹೋಗಿ, ಸ್ಥಳಕ್ಕೆ ಬಂದ ಮೇಲೆ ಅಂಕಣಗಳಿಗೆ ಕಲ್ಲು ತುಂಬಿ ಮುಳುಗಿಸುವುದು. ಕಲ್ಲು ಒಂದೇ ಬದಿಗೆ ಬಿದ್ದರೆ ಪೆಟ್ಟಿಗೆ ವಾರೆಯಾಗಿ ಕೂತುಬಿಡುತ್ತದೆ, ಆಮೇಲೆ ಸರಿಪಡಿಸುವುದು ದುಸ್ತರ.

ಕೆಡುವುದು ಮೂರು ಕಡೆ. ನೀರಿನ ಮಟ್ಟ ಏರಿಳಿಯುವ ಪಟ್ಟಿಯಲ್ಲಿ ಮರ ಒಮ್ಮೆ ಒದ್ದೆ, ಒಮ್ಮೆ ಒಣ. ಮೊದಲು ಕೊಳೆಯುವುದು ಅಲ್ಲೇ. ಅದಕ್ಕೇ ನೀರಿನ ಮಟ್ಟದಿಂದ ಮೇಲಿನ ಮರ ಕಿತ್ತು ಕಾಂಕ್ರೀಟ್ ಹಾಕಿದರು. ಬುಡದ ಮಣ್ಣು ಅಲೆಗೆ ಕೊಚ್ಚಿಹೋಗುವುದು ಎರಡನೆಯದು; ಕಾರಂಜಾ ಕಟ್ಟೆಯ ಪಿಚಿಂಗಿನಂತೆ (ಇಳಿಜಾರಿಗೆ ಹೊದಿಸಿದ ಕಲ್ಲು) ಭಾರಿ ಕಲ್ಲು ಸುರಿದೇ ಅದನ್ನು ತಡೆಯುವುದು. ಮೂರನೆಯದು ಮಂಜುಗಡ್ಡೆಯ ಒತ್ತಡ.

ಇವಿಷ್ಟನ್ನೂ ತಾಳಿಕೊಂಡರೂ ಹಡಗು ಬಿಡಬೇಕಲ್ಲ! 1958ರ ಜುಲೈನಲ್ಲಿ ಬಫಲೋದ ಅಲೆತಡೆಯ ದೀಪಸ್ತಂಭಕ್ಕೆ ಸರಕು ಹಡಗೊಂದು ಗುದ್ದಿ ಸ್ತಂಭ ಸುಮಾರು 15 ಡಿಗ್ರಿ ವಾಲಿತು. ವಾಲಿಕೊಂಡೇ ಒಂದಷ್ಟು ವರ್ಷ ನಿಂತಿತ್ತು, 1961ರಲ್ಲಿ ಕೆಡವಿದರು.

ಪ್ರಶ್ನೆ: ದೀಪದ ಗಾಜಿನ ಕೆಲಸ ಏನು? ನೋಡಿಕೊಳ್ಳುವವರು ಏನು ಮಾಡುತ್ತಿದ್ದರು?
– ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ಫ್ರಾನ್ಸಿನ ಫ್ರೆನೆಲ್ 1822ರಲ್ಲಿ ರೂಪಿಸಿದ ಲೆನ್ಸ್ ಅದು. ಬತ್ತಿಯ ಸುತ್ತ ಪಟ್ಟಕಗಳ ಉಂಗುರಗಳನ್ನು ಜೋಡಿಸಿ, ಚದುರುವ ಬೆಳಕನ್ನು ಬಗ್ಗಿಸಿ ಅಡ್ಡಕ್ಕೆ ಕಳುಹಿಸುತ್ತದೆ. ಸರೋವರದ ಬಂದರುಗಳಲ್ಲಿ ಹೆಚ್ಚಾಗಿ ನಾಲ್ಕನೇ ದರ್ಜೆಯದು: ಬತ್ತಿಯಿಂದ ಗಾಜಿಗೆ 250 ಮಿ.ಮೀ. ಸೀಮೆಎಣ್ಣೆಯ ಬತ್ತಿಯನ್ನು ಸಮನಾಗಿ ಕತ್ತರಿಸದಿದ್ದರೆ ಜ್ವಾಲೆ ಒಂದು ಮೂಲೆಗೆ ಏರಿ, ಮಸಿ ಹಿಡಿದು, ಬೆಳಕು ಮಂಕಾಗುತ್ತದೆ. ಹಾಗಾಗಿ ದಿನಾ ಬತ್ತಿ ಕತ್ತರಿಸುವುದು, ಮೆತ್ತನೆ ಬಟ್ಟೆಯಿಂದ ಗಾಜು ಒರೆಸುವುದು. ಅಂಗಿಯ ಗುಂಡಿಯಿಂದ ಗಾಜಿಗೆ ಗೀರು ಬೀಳಬಾರದೆಂದು ಮೇಲೊಂದು ಏಪ್ರನ್. ಹಗಲಲ್ಲಿ ಪರದೆ ಎಳೆಯಲೇಬೇಕು. ಬಿಸಿಲು ಲೆನ್ಸಿನಲ್ಲಿ ಕೂಡಿಕೊಂಡರೆ ಒಳಗೆ ಬೆಂಕಿ ಹತ್ತೀತು.

ಪ್ರಶ್ನೆ: ಬಂದರಿನ ದಾರಿ ತೋರಿಸುವ ಕೆಂಪು, ಹಸಿರು ದೀಪ ಯಾವ ಬದಿಗೆ?
– ಓದುಗರೊಬ್ಬರು, ಸುರಪುರ

ಉತ್ತರ: ಅಮೆರಿಕದಲ್ಲಿ ಬಂದರಿನೊಳಗೆ ಬರುವಾಗ ಕೆಂಪು ಬಲಕ್ಕೆ, ಹಸಿರು ಎಡಕ್ಕೆ. ಭಾರತದಲ್ಲಿ ಇದು ತಿರುಗುಮುರುಗು: ಮಂಗಳೂರಿಗೆ ಬರುವ ಹಡಗಿಗೆ ಕೆಂಪು ಎಡಕ್ಕೆ.